ಅನುಮಾನವಿದ್ದರೆ ಒಳಗೆ

ಸತ್ತ ಟೆನಿಸ್ ಚೆಂಡುಗಳನ್ನು ಬೇರೆ ಮಾಡುವಾಗ ಅವಳು ಕಣ್ಣಿನಿಂದ ನೋಡುವುದಿಲ್ಲ, ಹೆಬ್ಬೆರಳೇ ನೋಡುತ್ತದೆ. ಒತ್ತಿದರೆ ಎದುರೊತ್ತುವುದು ಬದುಕಿರುವ ಚೆಂಡು. ಒತ್ತಿದಷ್ಟೂ ಒಳಕ್ಕೆ ಹೋಗಿ ಸುಮ್ಮನೆ ಕೂರುವುದು ಸತ್ತದ್ದು. ಮೇಲುನೋಟಕ್ಕೆ ಎರಡಕ್ಕೂ ಅದೇ ಹಳದಿ, ಅದೇ ಜೂಲು. ಬದುಕಿದ್ದು ಬುಟ್ಟಿಗೆ, ಸತ್ತದ್ದು ಚೀಲಕ್ಕೆ. ನಾಳೆಯ ಪರೀಕ್ಷೆಯಲ್ಲಿ ಒಂದು ಮಗುವಿಗೆ ಪುಟಿಯುವ ಚೆಂಡು, ಇನ್ನೊಂದಕ್ಕೆ ಮುದುಡಿಕೊಳ್ಳುವ ಚೆಂಡು ಬಿದ್ದರೆ ಅನ್ಯಾಯವಾಗುತ್ತದೆಂದು ಅವಳು ಊಟವಾದ ಮೇಲಿನಿಂದ ಕ್ಲಬ್ಬಿನ ಸಾಮಾನು ಕೋಣೆಯ ನೆಲದ ಮೇಲೆ ಕಾಲು ಚಾಚಿ ಕೂತಿದ್ದಳು. ಹೀಗೆ ಕೂರು ಎಂದು ಯಾರೂ ಹೇಳಿರಲಿಲ್ಲ. ಗೋಡೆಯಾಚೆಯಿಂದ ಯಂತ್ರದ ಚಪ್ಪಾಳೆ ಕೇಳುತ್ತಿತ್ತು. ಹೊಡೆದರೂ ಚಪ್ಪಾಳೆ, ತಪ್ಪಿದರೂ 'ಅಯ್ಯೋ' ಎಂಬ ಒಂದು ಸಿಹಿ ನಿಟ್ಟುಸಿರು, ಅದರ ಹಿಂದೆಯೇ ಮತ್ತೆ ಚಪ್ಪಾಳೆ. ಇಷ್ಟು ವರ್ಷಗಳಲ್ಲಿ ತಾನು ಎಷ್ಟು ಸಲ ಚಪ್ಪಾಳೆ ತಟ್ಟಿರಬಹುದು ಎಂದು ಅವಳು ಯೋಚಿಸಿದಳು. ಒಂದು ಕೈಯಲ್ಲಿ ಯಾವಾಗಲೂ ಚೆಂಡಿರುತ್ತಿತ್ತು, ತಟ್ಟುವುದಾದರೂ ಹೇಗೆ?

ಮಕ್ಕಳು ಅವಳನ್ನು ಬುಟ್ಟಿ ಮಿಸ್ ಅನ್ನುತ್ತಾರೆ. ಕ್ಲಬ್ಬಿನ ಕಾರ್ಯದರ್ಶಿಯೂ ಹಾಗೇ ಅನ್ನುತ್ತಾನೆ, ಆದರೆ ಅವನ ಬಾಯಲ್ಲಿ ಆ ಮಾತಿಗೆ ತರಕಾರಿಯವಳನ್ನು ಕರೆದ ಧಾಟಿ. ಗಂಡ ಇಲ್ಲಿ ಮುಖ್ಯ ಕೋಚ್, ಬೆಳೆದ ಹುಡುಗ ಹುಡುಗಿಯರು ಅವನ ಪಾಲು. ಹಾಲುಹಲ್ಲು ಉದುರುವ ವಯಸ್ಸಿನವರು, ಲೇಸು ಕಟ್ಟಲು ಬಾರದವರು, ಸೋತರೆ ನೆಲದ ಮೇಲೆ ಬಿದ್ದು ಹೊರಳಾಡುವವರು, ಎಲ್ಲ ಇವಳ ಪಾಲು. ಸಂಜೆಯ ಒಂದು ತಾಸು ಅವಳದು. ಬುಟ್ಟಿಯ ಪಕ್ಕದಲ್ಲಿ ನಿಂತು ಒಂದೊಂದೇ ಚೆಂಡನ್ನು ಕೈಯಿಂದ ಮೆಲ್ಲಗೆ ಎಸೆದು, ಅದು ಮಗುವಿನ ಮುಂದೆ ಒಮ್ಮೆ ಪುಟಿದು ಸೊಂಟದೆತ್ತರಕ್ಕೆ, ರಾಕೆಟ್ಟು ಬೀಸುವ ಕಡೆಗೇ ಬರುವ ಹಾಗೆ ಮಾಡುವುದು ಅವಳ ಕೆಲಸ. ಕ್ಲಬ್ಬಿನಲ್ಲಿ ಅದಕ್ಕೆ ಕೈತುತ್ತು ಎಂದು ಹೆಸರು. ಗಂಡ ಯಾವಾಗಲೋ ತಮಾಷೆಗೆ ಅಂದದ್ದು ಹಾಗೇ ನಿಂತುಬಿಟ್ಟಿತ್ತು. ಹೊಸಬರು ಬಂದರೆ, "ಮೊದಲು ಮಿಸ್ ಹತ್ರ ಕೈತುತ್ತು ತಿನ್ನಲಿ, ಆಮೇಲೆ ನನ್ನ ಹತ್ರ ಬಂದು ಮೂಳೆ ಕಡೀಲಿ" ಎಂದು ತಂದೆತಾಯಂದಿರಿಗೆ ಹೇಳುತ್ತಿದ್ದ. ಅವರು ನಗುತ್ತಿದ್ದರು. ಅವಳಿಗೂ ಆ ಮಾತು ಹಿಡಿಸಿತ್ತು.

ಈಗ ಗೋಡೆ ಬಂದಿತ್ತು. ಹರಿದ ಬಲೆಗಳನ್ನು ಹಾಕುತ್ತಿದ್ದ ಕೋಣೆಗೆ ಸುಣ್ಣ ಬಳಿಸಿ, ಗೋಡೆಯ ಮೇಲೆ ಚಿತ್ರ ಬೀಳಿಸುವ ಯಂತ್ರವೊಂದನ್ನು ಚಾವಣಿಗೆ ತೂಗುಹಾಕಿದ್ದರು. ಮಗು ಕೈಯಲ್ಲೊಂದು ಗಿಡ್ಡ ಕೋಲು ಹಿಡಿದು ಗೋಡೆಯೆದುರು ನಿಂತರೆ ಗೋಡೆಯ ಮೇಲೆ ಒಂದು ಗೊಂಬೆ ನಿಲ್ಲುತ್ತದೆ. ಮಗು ಬೀಸಿದರೆ ಗೊಂಬೆ ಚಿತ್ರದ ಚೆಂಡಿಗೆ ಬೀಸುತ್ತದೆ. ಯಂತ್ರ ಕೂರಿಸಲು ಬಂದವನು ಮೊದಲ ದಿನವೇ, "ಮೇಡಂ, ಸ್ವಲ್ಪ ಪಕ್ಕಕ್ಕೆ ನಿಂತ್ಕೋತೀರಾ? ಅದು ನಿಮ್ಮನ್ನೂ ಒಂದು ಮಗು ಅಂದ್ಕೊಳ್ತಾ ಇದೆ" ಎಂದಿದ್ದ. ಎಲ್ಲರೂ ನಕ್ಕಿದ್ದರು. ಪಕ್ಕಕ್ಕೆ ಸರಿದರೂ ಬಿಡದೆ ಗೋಡೆಯ ಮೂಲೆಯಲ್ಲಿ ಒಂದು ಗೊಂಬೆ ಬಂದು ಇವಳ ಹಾಗೆಯೇ ಕೈ ಕಟ್ಟಿಕೊಂಡು ನಿಂತಿತ್ತು. ಅವಳು ಬಾಗಿಲಾಚೆ ಹೋದ ಮೇಲೆಯೇ ಅದು ಮಾಯವಾದದ್ದು. ಪ್ರಯೋಗಕ್ಕೆಂದು ಅರ್ಧ ಮಕ್ಕಳು ಅರ್ಧ ಹೊತ್ತು ಗೋಡೆಯ ಮುಂದೆ, ಇನ್ನರ್ಧ ಹೊತ್ತು ಕೋರ್ಟಿನಲ್ಲಿ. ಉಳಿದ ಅರ್ಧ ಮಕ್ಕಳು ಪೂರ್ತಿ ಹೊತ್ತು ಕೋರ್ಟಿನಲ್ಲಿ. ಕೊನೆಗೆ ಎರಡೂ ತಂಡಗಳನ್ನು ಒಂದೇ ಪರೀಕ್ಷೆಗೆ ನಿಲ್ಲಿಸಿ, ಗೋಡೆಯವರೇ ಮೇಲಾದರೆ ಚಿಕ್ಕ ಮಕ್ಕಳ ಸಂಜೆಯ ತಾಸನ್ನು ಗೋಡೆಗೇ ಒಪ್ಪಿಸುವುದೆಂದು ಕ್ಲಬ್ಬಿನವರು ತೀರ್ಮಾನಿಸಿದ್ದರು. "ಬುಟ್ಟಿ ಮಿಸ್‌ಗೆ ಬಗ್ಗಿ ಬಗ್ಗಿ ಚೆಂಡು ಹೆಕ್ಕೋ ಕಷ್ಟ ತಪ್ಪುತ್ತೆ ಬಿಡಿ," ಎಂದಿದ್ದ ಕಾರ್ಯದರ್ಶಿ. "ಮನೇಲಿ ಹಾಯಾಗಿರಬಹುದು." ಅವಳು ಗಂಡನ ಮುಖ ನೋಡಿದ್ದಳು. ಅವನು, "ಎಲ್ಲಾ ನ್ಯಾಯವಾಗಿ ನಡೀಲಿ. ಎರಡೂ ತಂಡಕ್ಕೆ ಪರೀಕ್ಷೇಲಿ ಚೆಂಡು ಹಾಕೋದು ಇವಳೇ. ಒಂದೇ ಕೈ, ಒಂದೇ ಚೆಂಡು" ಎಂದ. ಆ ಕ್ಷಣಕ್ಕೆ ಅವಳಿಗೆ ಅವನ ಮೇಲೆ ಅಭಿಮಾನ ಉಕ್ಕಿತ್ತು.

ಮಕ್ಕಳನ್ನು ಪಾಲು ಮಾಡಿದ್ದು ರಾಕೆಟ್ಟು ತಿರುಗಿಸಿ. ಹಿಡಿಯ ಬುಡದಲ್ಲಿ ಒಂದು ಅಕ್ಷರ ಅಚ್ಚಾಗಿರುತ್ತದೆ. ರಾಕೆಟ್ಟನ್ನು ತಲೆಕೆಳಗೆ ನಿಲ್ಲಿಸಿ ಬುಗುರಿಯಂತೆ ತಿರುಗಿಸಿ ಬಿಟ್ಟರೆ ಸುತ್ತಿ ಬೀಳುತ್ತದೆ. ಅಕ್ಷರ ನೆಟ್ಟಗಿದ್ದರೆ 'ಮೇಲೆ', ಮಗುಚಿದ್ದರೆ 'ಕೆಳಗೆ'. ಹಳೆಯ ರಾಕೆಟ್ಟಿನಲ್ಲಿ ಆ ಅಕ್ಷರ ಸವೆದು, ಬಗ್ಗಿ ಮೂಗು ತಾಗಿಸಿ ನೋಡಿದವರಿಗೆ ಮಾತ್ರ ಕಾಣುವಂತಿರುತ್ತದೆ. ಮೇಲೆ ಬಂದವರು ಗೋಡೆಗೆ, ಕೆಳಗೆ ಬಂದವರು ಬರೀ ಕೋರ್ಟಿಗೆ. ತಿರುಗಿಸಿದ್ದು ಗಂಡ. ಬಗ್ಗಿ ನೋಡಿ ಕೂಗಿ ಹೇಳಲು ನಿಂತದ್ದು ಮಗಳು. ಮಕ್ಕಳಲ್ಲೇ ಒಬ್ಬರು ಹೇಳಿದರೆ ಯಾರಿಗೂ ಅಸಮಾಧಾನವಿರುವುದಿಲ್ಲ ಎಂದು ಅವನೇ ಸೂಚಿಸಿದ್ದ. ಒಂದೊಂದು ಮಗುವೂ ಮುಂದೆ ಬಂದು ನಿಂತಾಗ ಮಗಳು ಮಂಡಿಯೂರಿ, ಜಡೆಯನ್ನು ಹಿಂದಕ್ಕೆಸೆದು, ಹಿಡಿಯ ಬುಡವನ್ನು ದಿಟ್ಟಿಸಿ, "ಮೇಲೆ!" "ಕೆಳಗೆ!" ಎಂದು ಇಡೀ ಮೈದಾನಕ್ಕೆ ಕೇಳುವಂತೆ ಹೇಳುತ್ತಿದ್ದಳು. ಅವಳ ಸರದಿಯೂ ಬಂತು, ಅದನ್ನೂ ತಾನೇ ನೋಡಿ ತಾನೇ ಹೇಳಿಕೊಂಡಳು. ಆ ದನಿಯಲ್ಲಿ ಎಷ್ಟೊಂದು ಸ್ಪಷ್ಟತೆ. ಹಿಂದೆ ನಿಂತು ನೋಡುತ್ತಿದ್ದ ತಾಯಿ ಪ್ರತಿ ಕೂಗಿಗೂ ತಲೆದೂಗಿದ್ದಳು. ಟೆನಿಸ್ಸಿನಲ್ಲಿ ಚಿಕ್ಕವರ ಆಟಕ್ಕೆ ತೀರ್ಪುಗಾರರಿರುವುದಿಲ್ಲ, ನಿನ್ನ ಕಡೆ ಬಿದ್ದ ಚೆಂಡು ಒಳಗೋ ಹೊರಗೋ ನೀನೇ ಹೇಳಬೇಕು. ಅನುಮಾನವಿದ್ದರೆ ಒಳಗೆ ಅನ್ನಬೇಕು, ಅಂದರೆ ಎದುರಾಳಿಗೆ ಬಿಟ್ಟುಕೊಡಬೇಕು. ರಾಕೆಟ್ಟು ಹಿಡಿಯಲು ಕಲಿಸುವ ಮೊದಲೇ ಅವಳು ಮಗಳಿಗೆ ಅದನ್ನು ಕಲಿಸಿದ್ದಳು.

ಬುಟ್ಟಿ ತುಂಬಿತು. ಮಕ್ಕಳನ್ನು ಕೋರ್ಟಿಗೆ ಕರೆಯುವ ಹೊತ್ತಾಯಿತೆಂದು ಅವಳು ಎದ್ದು, ಜೋಮು ಹಿಡಿದ ಕಾಲು ಕೊಡವಿ, ಗೋಡೆ ಕೋಣೆಯ ಬಾಗಿಲಿಗೆ ಬಂದಳು. ತನ್ನ ಗೊಂಬೆ ಮತ್ತೆ ಮೂಲೆಯಲ್ಲಿ ಎದ್ದು ನಿಂತೀತೆಂದು ಹೊಸ್ತಿಲಾಚೆಯೇ ನಿಲ್ಲುವುದು ಈಗ ಅಭ್ಯಾಸವಾಗಿತ್ತು. ಒಳಗೆ ಮಗಳು ಮತ್ತು ಅವಳ ಗೆಳತಿ, ಒಂದು ಜಾಗದಲ್ಲಿ ನಿಲ್ಲದ್ದಕ್ಕೆ ಎಲ್ಲರೂ ಚಿಟ್ಟೆ ಎಂದು ಕರೆಯುವ ಹುಡುಗಿ, ಕೊನೆಯ ಆಟ ಯಾರದೆಂದು ರಾಕೆಟ್ಟು ತಿರುಗಿಸುತ್ತಿದ್ದರು.

"ಮೇಲೆ! ನಂದೇ," ಎಂದಳು ಮಗಳು.

"ಸುಳ್ಳುಬುರುಕಿ, ತೋರ್ಸು ನೋಡೋಣ."

"ನೋಡ್ಕೋ ಬೇಕಾದ್ರೆ. ಕಣ್ಣು ಬಿಟ್ಕೊಂಡು ನೋಡ್ಕೋ."

"ಹೂಂ, ಇವತ್ತು ನಿಜ. ಆವತ್ತು ಎಷ್ಟು ಸುಳ್ಳು ಬಿಟ್ಟೆ?"

"ಆವತ್ತಿಂದು ಬೇರೆ ಕಣೇ. ಆವತ್ತು ಅಪ್ಪ ಕೆಮ್ಮಿದ್ರೆ ಮೇಲೆ, ಸುಮ್ನಿದ್ರೆ ಕೆಳಗೆ. ಅಪ್ಪನೇ ಹೇಳ್ಕೊಟ್ಟಿದ್ದು. ಚೆನ್ನಾಗಿ ಆಡೋರೆಲ್ಲ ಗೋಡೆಗೆ ಬರ್ಲಿ ಅಂತ."

"ಹಂಗಾದ್ರೆ ನಂಗೂ ಕೆಮ್ಮಿದ್ರಾ?"

"ನಿಂಗಾ? ನಿಂಗೆ ಎರಡು ಸಲ ಕೆಮ್ಮಿದ್ರು, ನಂಗೆ ಕೇಳಿಸ್ಲಿಲ್ಲ ಅಂದ್ಕೊಂಡು!"

ಇಬ್ಬರೂ ಬಿದ್ದು ಬಿದ್ದು ನಕ್ಕರು. ಗೋಡೆಯ ಮೇಲಿನ ಎರಡು ಗೊಂಬೆಗಳೂ ಹೊಟ್ಟೆ ಹಿಡಿದುಕೊಂಡು ಬಗ್ಗಿದವು. ಅವಳು ಹೊಸ್ತಿಲಲ್ಲಿ ನಿಂತೇ ಇದ್ದಳು. ಅವಳಿಗೆ ಮೊದಲು ನೆನಪಾದದ್ದು ನ್ಯಾಯವೂ ಅಲ್ಲ, ಮಗಳ ಸುಳ್ಳೂ ಅಲ್ಲ. ನೆನಪಾದದ್ದು ಮಕ್ಕಳನ್ನು ಪಾಲು ಮಾಡಿದ ಆ ಸಂಜೆ ಮನೆಗೆ ಹೋದ ಮೇಲೆ ತಾನು ನೀರು ಕಾಯಿಸಿದ್ದು. ಬಿಸಿಲಲ್ಲಿ ನಿಂತು ನಿಂತು ಗಂಡನ ಗಂಟಲು ಕೆಟ್ಟಿರಬೇಕೆಂದು ಜೇನು ಹಾಕಿ, ಲೋಟ ಸುಡುತ್ತದೆಂದು ಬಟ್ಟೆ ಸುತ್ತಿ ಕೊಟ್ಟಿದ್ದಳು. ಅವನು ಅದನ್ನು ಎರಡೂ ಕೈಯಲ್ಲಿ ಹಿಡಿದು, ಊದಿ ಊದಿ ಕುಡಿದು, "ಈಗ ಎಷ್ಟೋ ಹಿತವಾಯ್ತು ನೋಡು" ಎಂದಿದ್ದ. ಮಗಳು ಎದುರಿಗೇ ಕೂತಿದ್ದಳು. ಆ ಮಗು ಆಗ ಎಲ್ಲಿ ನೋಡುತ್ತಿತ್ತು? ತಟ್ಟೆಯನ್ನೇ? ಅಪ್ಪನ ಮುಖವನ್ನೇ? ಇಬ್ಬರೂ ಒಬ್ಬರನ್ನೊಬ್ಬರು ನೋಡಿ ಕಣ್ಣಲ್ಲೇ ನಕ್ಕಿದ್ದರೇ? ಎಷ್ಟು ತಡಕಾಡಿದರೂ ಅವಳಿಗೆ ಲೋಟಕ್ಕೆ ಸುತ್ತಿದ ಬಟ್ಟೆಯ ಚೌಕಳಿ ಮಾತ್ರ ಕಂಡಿತು.

"ಕೋರ್ಟಿಗೆ ಬನ್ನಿ," ಎಂದಳು. ದನಿ ಎಂದಿನಂತೆಯೇ ಇತ್ತು.

ಬುಟ್ಟಿಯನ್ನು ಬಲೆಯ ಹತ್ತಿರಕ್ಕೆ ಎಳೆದುಕೊಂಡು ಹೋಗುವಾಗ ಅದರ ಚಕ್ರ ಕಿರ್ ಕಿರ್ ಅನ್ನುತ್ತಿತ್ತು. ದೂರದ ಕೋರ್ಟಿನಲ್ಲಿ ಗಂಡ ದೊಡ್ಡ ಹುಡುಗರಿಗೆ ಏನನ್ನೋ ತೋರಿಸುತ್ತ, ಇಲ್ಲದ ಚೆಂಡಿಗೆ ಇಲ್ಲದ ರಾಕೆಟ್ಟು ಬೀಸುತ್ತಿದ್ದ. ಅವನ ಭುಜ ಇನ್ನೂ ಚೆಂದ. ಒಂದು ಕಾಲದಲ್ಲಿ ಅವರಿಬ್ಬರೂ ಜೋಡಿಯಾಗಿ ಆಡುತ್ತಿದ್ದರು. ಜೋಡಿ ಆಟದಲ್ಲಿ ನಡುವೆ ಬಿದ್ದ ಚೆಂಡಿಗೆ ಒಬ್ಬರು ಕೂಗಬೇಕು, ನಂದು, ಇಲ್ಲವೇ ನಿಂದು. ಮನೆಯಲ್ಲಿ ಅವನನ್ನು ರೀ ಎಂದು, ನೀವು ಎಂದು ಕರೆಯುವವಳು ಕೋರ್ಟಿನಲ್ಲಿ ಮಾತ್ರ 'ನಿಂದು!' ಎಂದು ಕಿರುಚಬಹುದಿತ್ತು. ಅದಕ್ಕಾಗಿಯೇ ಅವಳಿಗೆ ಆ ಆಟ ಅಷ್ಟು ಇಷ್ಟವಾಗಿತ್ತೇನೋ. ಒಂದು ಕೊನೆಯ ಪಂದ್ಯದಲ್ಲಿ ಇವಳ ಕಡೆ ಗೆರೆಯ ಅಂಚಿಗೆ ಬಿದ್ದ ಚೆಂಡನ್ನು ಒಳಗೆ ಅಂದುಬಿಟ್ಟಳು. ಅನುಮಾನವಿತ್ತು, ಒಳಗೆ ಅಂದಳು. ಸೋತರು. ಬಸ್ಸಿನಲ್ಲಿ ಬರುವಾಗ ಅವನು ಒಂದು ಮಾತೂ ಬಯ್ಯಲಿಲ್ಲ. ಕಿಟಕಿ ಪಕ್ಕದ ಸೀಟನ್ನು ಇವಳಿಗೇ ಬಿಟ್ಟುಕೊಟ್ಟು, ಬಹಳ ಹೊತ್ತಿನ ಮೇಲೆ, "ನೀನು ಒಳ್ಳೆಯವಳು," ಅಂದ. ಅದು ಹೊಗಳಿಕೆಯೆಂದೇ ಅವಳು ಇಷ್ಟು ವರ್ಷ ತಿಳಿದುಕೊಂಡಿದ್ದಳು. ಬುಟ್ಟಿ ಎಳೆಯುತ್ತಿದ್ದವಳು ಈಗ ನಿಂತಳು. ಹುಚ್ಚಿ, ಅದು ಎಚ್ಚರಿಕೆಯಾಗಿತ್ತು. ಅವನು ಆವತ್ತೇ ತೀರ್ಮಾನಿಸಿಬಿಟ್ಟಿದ್ದ: ಗೆಲ್ಲಬೇಕಾದ ಆಟಗಳನ್ನು ಇವಳಿಗೆ ತಿಳಿಸಬಾರದು.

ಗೋಡೆಯ ತಂಡ ಸಾಲಾಗಿ ನಿಂತಿತು. ಮೊದಲು ಚಿಟ್ಟೆ. ಅವಳು ಚೆಂಡು ತೆಗೆದಳು. ಕೈಗೆ ತನ್ನದೇ ಒಂದು ದಾರಿಯಿದೆ, ಎಂದಿನಂತೆ ಬಿಟ್ಟಿದ್ದರೆ ಅದು ನೇರ ಆ ಹುಡುಗಿಯ ರಾಕೆಟ್ಟಿನ ಮುಂದೆಯೇ ಇಳಿಯುತ್ತಿತ್ತು. ಅವಳು ಎರಡು ಹೆಜ್ಜೆ ಆಚೆಗೆ ಎಸೆದಳು. ಚಿಟ್ಟೆ ನಿಂತಲ್ಲೇ, ಚೆಂಡಿಲ್ಲದ ಜಾಗದಲ್ಲಿ, ಬಹಳ ಸುಂದರವಾಗಿ ಬೀಸಿದಳು. ಚೆಂಡು ಪಕ್ಕದಿಂದ ಹಾದುಹೋಗಿ ಹಿಂದಿನ ಜಾಲರಿಗೆ ಬಡಿಯಿತು. ಮುಂದಿನವನೂ ಅಷ್ಟೇ. ಅದರ ಮುಂದಿನವಳೂ ಅಷ್ಟೇ. ಕಾಲು ಕಿತ್ತಿಡಬೇಕೆಂಬುದೇ ಅವರಿಗೆ ಹೊಳೆಯುತ್ತಿರಲಿಲ್ಲ.

"ಓಡೋದಲ್ವೇನೇ?" ಎಂದಳು.

"ಗೊಂಬೆನೇ ಓಡುತ್ತಲ್ಲ ಮಿಸ್," ಎಂದಳು ಚಿಟ್ಟೆ, ಇಷ್ಟೂ ಗೊತ್ತಿಲ್ಲವೇ ಎನ್ನುವಂತೆ. "ನಾವು ಬೀಸಿದ್ರೆ ಸಾಕು. ಅದೇ ಚೆಂಡಿನ ಹತ್ರ ಹೋಗಿ ನಿಂತ್ಕೊಳ್ಳುತ್ತೆ."

ಅವಳ ಎದೆಯಲ್ಲಿ ಬಿಸಿಯಾದ, ಕೆಟ್ಟದಾದ ಸಂತೋಷವೊಂದು ಏರಿತು. ಇಷ್ಟೇ ತಾನೇ ನಿನ್ನ ಗೋಡೆ? ಕೆಮ್ಮಿ ಕೆಮ್ಮಿ ಆರಿಸಿಕೊಂಡೆಯಲ್ಲ, ನಾಳೆ ನೋಡುವಿಯಂತೆ. ನನ್ನ ಮಣಿಕಟ್ಟು ಕೂದಲೆಳೆಯಷ್ಟು ಹೊರಳಿದರೆ ನಿನ್ನ ಜಾಣಮರಿಗಳೆಲ್ಲ ಕಂಬಗಳಾಗಿ ನಿಲ್ಲುತ್ತವೆ. ಮಗಳ ಸರದಿ ಬಂತು. ಮಗಳಿಗೂ ಆಚೆಗೇ ಎಸೆದಳು, ಬೇರೆಯವರಿಗಿಂತ ಒಂದು ಗೇಣು ಹೆಚ್ಚೇ. ಚೆಂಡು ತಾಯಿಯ ಕೈ ಬಿಡುವ ಮೊದಲೇ ಮಗಳು ಓಡಿದ್ದಳು. ಬಾಗಿ, ಕೈ ಚಾಚಿ, ಜಡೆ ಗಾಳಿಯಲ್ಲಿ ಅಡ್ಡವಾಗಿ ನಿಂತು, ಚೆಂಡನ್ನು ಬಲೆಯ ಮೇಲಿಂದ ಗೆರೆಯುದ್ದಕ್ಕೂ ಕಳಿಸಿದಳು. ಮಕ್ಕಳೆಲ್ಲ ಹೋ ಎಂದರು. ಎಷ್ಟು ಒಳ್ಳೆಯ ಹೊಡೆತ. ತಾಯಿ ಬುಟ್ಟಿಗೆ ಕೈಹಾಕಿ ಮುಂದಿನ ಚೆಂಡು ತೆಗೆದಳು.

ಆಮೇಲೆ ತನ್ನ ತಂಡ. ಗೋಡೆಯ ನೆರಳೂ ಸೋಂಕದವರು, ಪೂರ್ತಿ ಹೊತ್ತು ತನ್ನೆದುರಿಗೇ ಬೆವರಿದವರು. ಒಂದೇ ಕೈ, ಒಂದೇ ಚೆಂಡು. ಮೊದಲನೆಯವನನ್ನು ಮಕ್ಕಳು ಪಂಡಿತ ಅನ್ನುತ್ತಿದ್ದರು. ಕೇಳಿದ್ದಕ್ಕೂ ಕೇಳದ್ದಕ್ಕೂ ಉತ್ತರ ಕೊಡುವವನು. ಅವಳು ಎರಡು ಹೆಜ್ಜೆ ಆಚೆಗೆ ಎಸೆದು, ಓಡು ಮಗನೇ ಎಂದು ಮನಸ್ಸಿನಲ್ಲೇ ಅಂದಳು. ಪಂಡಿತ ಓಡಲಿಲ್ಲ. ಬೀಸಲೂ ಇಲ್ಲ. ಚೆಂಡು ಹೋದ ದಿಕ್ಕನ್ನೂ ಅವಳ ಮುಖವನ್ನೂ ನೋಡಿದ. ಇನ್ನೊಂದು ಎಸೆದಳು. ಮತ್ತೊಬ್ಬಳಿಗೆ, ಮಗದೊಬ್ಬನಿಗೆ. ಸಾಲಿಗೆ ಸಾಲೇ, ಬಡಿಸಲು ಬಂದವಳು ಎಲೆ ಬಿಟ್ಟು ನೆಲಕ್ಕೆ ಹಾಕಿದರೆ ನೋಡುವ ಹಾಗೆ, ಅವಳನ್ನು ನೋಡುತ್ತ ನಿಂತಿತು.

"ಮಿಸ್, ಸರಿಯಾಗಿ ಹಾಕಿ," ಎಂದ ಪಂಡಿತ.

"ಹೌದು ಮಿಸ್, ಯಾಕ್ ಮಿಸ್ ಹಿಂಗ್ ಹಾಕ್ತೀರಾ?"

"ಕೈ ಜಾರಿತು," ಎಂದಳು ಅವಳು. "ಇವತ್ತು ಯಾಕೋ ಕೈ ಸರಿಯಿಲ್ಲ."

ಅವಳಿಗೆ ಚಿಟ್ಟೆಯ ಮಾತು ನೆನಪಾಯಿತು. ಗೊಂಬೆನೇ ಓಡುತ್ತಲ್ಲ ಮಿಸ್. ಈ ಮಕ್ಕಳ ಗೊಂಬೆ ಯಾರು? ಗೋಡೆಗೆ ಒಂದು ಚಾವಣಿ, ಒಂದು ತಂತಿ, ಒಂದಿಷ್ಟು ಬೆಳಕು ಬೇಕಿತ್ತು. ಇವಳು ಬರೀ ಒಂದು ಬುಟ್ಟಿ ಇಟ್ಟುಕೊಂಡು ಅದೇ ಕೆಲಸ ಮಾಡಿದ್ದಳು. ಚೆಂಡನ್ನು ಬಾಯಿಗೇ ಇಟ್ಟಿದ್ದಳು. ತುತ್ತು ಸೊಗಸಾಗಿತ್ತು, ಅಗಿಯುವುದನ್ನು ಯಾರೂ ಕಲಿಯಲಿಲ್ಲ. ಮಕ್ಕಳು ಬೀಸಿದಾಗಲೆಲ್ಲ ರಾಕೆಟ್ಟಿಗೆ ಚೆಂಡು ಸಿಗುತ್ತಿತ್ತು, ತಂದೆತಾಯಂದಿರು ಬೇಲಿಯಾಚೆ ನಿಂತು ಹಿಗ್ಗುತ್ತಿದ್ದರು, ಬುಟ್ಟಿ ಮಿಸ್ ಹತ್ರ ಹೋದ ಮೇಲೆ ನಮ್ಮ ಮಗು ಎಷ್ಟು ಚೆನ್ನಾಗಿ ಹೊಡೆಯುತ್ತೆ ಅನ್ನುತ್ತಿದ್ದರು. ಆ ಮಾತಿಗಾಗಿ ಅವಳು ಎಸೆತವನ್ನು ಇನ್ನಷ್ಟು, ಇನ್ನಷ್ಟು ಕೈಗೇ ಎಟಕುವಂತೆ ಮಾಡುತ್ತ ಹೋಗಿದ್ದಳೇ? ದೂರದಲ್ಲಿ ಗಂಡ ಇನ್ನೂ ಇಲ್ಲದ ಚೆಂಡನ್ನು ಹೊಡೆಯುತ್ತಿದ್ದ. ಅವನಿಗೂ ಹಾಗೆಯೇ ಅಲ್ಲವೇ. ಬೆಳಗಿನ ಸಾಕ್ಸಿನಿಂದ ಹಿಡಿದು ಕ್ಲಬ್ಬಿನವರೆದುರು ಆಡಬೇಕಾದ ಮಾತಿನವರೆಗೆ ಎಲ್ಲವನ್ನೂ ಅವನು ನಿಂತಲ್ಲಿಗೇ, ಸೊಂಟದೆತ್ತರಕ್ಕೇ ಕಳಿಸಿದ್ದಳು. ಕೊನೆಗೆ ಕೆಮ್ಮಿಗೆ ಬಿಸಿನೀರನ್ನು ಕೂಡ. ಮೋಸ ಹೋಗುವುದಕ್ಕೂ ತಾನೇ ಬಡಿಸಿದೆನಲ್ಲ ಎಂದು ಅನ್ನಿಸಿ ನಗು ಬಂದಂತಾಯಿತು. ಆದರೆ ಅದು ನಗುವಾಗಲಿಲ್ಲ. ಆ ಸಂಜೆ ಉಳಿದ ಚೆಂಡುಗಳನ್ನೆಲ್ಲ ಎಂದಿನ ಜಾಗಕ್ಕೇ ಹಾಕಿದಳು. ಮಕ್ಕಳಿಗೆ ಸಮಾಧಾನವಾಯಿತು.

ಮನೆಗೆ ನಡೆದು ಹೋಗುವ ದಾರಿ ಚಿಕ್ಕದು. ಹೊಲಿಗೆ ಅಂಗಡಿ, ಬೀಗ ಹಾಕಿದ ಒಂದು ಬ್ಯಾಂಕು, ಆಮೇಲೆ ಅವರ ಬೀದಿ. ಗಂಡ ಕಾರ್ಯದರ್ಶಿಯ ಜೊತೆ ಕುರ್ಚಿ ಹಾಕಿಸುವುದಕ್ಕೆ ಹಿಂದುಳಿದಿದ್ದ. ಮಗಳು ರಾಕೆಟ್ಟಿನ ಚೀಲವನ್ನು ಬೆನ್ನಿಗೆ ಹಾಕಿಕೊಂಡು, ಗಟಾರದ ಅಂಚಿನ ಕಲ್ಲಿನ ಮೇಲೆ ಒಂದೊಂದೇ ಹೆಜ್ಜೆಯಿಟ್ಟು ನಡೆಯುತ್ತಿದ್ದಳು.

"ಇವತ್ತು ಆ ಚೆಂಡಿಗೆ ಹೇಗೆ ಓಡ್ದೆ?" ಎಂದಳು ತಾಯಿ. ಕೇಳಬೇಕೆಂದಿದ್ದದ್ದು ಇದಲ್ಲ.

"ನಿನ್ನ ಭುಜ ಮೊದಲೇ ಆ ಕಡೆ ತಿರುಗಿತ್ತು. ಆಚೆಗೆ ಹಾಕ್ತೀಯ ಅಂತ ಗೊತ್ತಾಯ್ತು. ಮುಖಾನೂ ಸಿಟ್ಟಾಗಿತ್ತು."

"ಪುಟ್ಟಿ, ರಾಕೆಟ್ ತಿರುಗಿಸ್ದಾಗ ನೀನು ಸುಳ್ಳು ಹೇಳಿದ್ಯಾ?"

ಮಗಳ ಕಾಲು ಕಲ್ಲಿನಿಂದ ಜಾರಿತು. ಮತ್ತೆ ಹತ್ತಿಕೊಂಡಳು. "ಚಿಟ್ಟೆ ಹೇಳಿದ್ಲಾ?"

"ಯಾರಾದ್ರೂ ಹೇಳ್ಲಿ. ಅನುಮಾನ ಇದ್ರೆ ಏನು ಹೇಳ್ಬೇಕು ಅಂತ ನಾನು ಹೇಳ್ಕೊಟ್ಟಿದೀನಿ ನಿಂಗೆ?"

"ಒಳಗೆ ಅಂತ." ಮಗಳು ಸ್ವಲ್ಪ ಯೋಚಿಸಿದಳು. "ಆದ್ರೆ ನಂಗೆ ಅನುಮಾನನೇ ಇರ್ಲಿಲ್ವಲ್ಲಮ್ಮ. ಅಪ್ಪ ಹೇಳಿದ್ರಲ್ಲ."

ಅದರಲ್ಲಿ ಉದ್ಧಟತನವಿರಲಿಲ್ಲ. ಪಾಠ ಒಪ್ಪಿಸುವ ಮಗುವಿನ ಪ್ರಾಮಾಣಿಕತೆಯಿತ್ತು, ಅದೇ ಅವಳನ್ನು ಇರಿದದ್ದು. ಅನುಮಾನಕ್ಕೆ ಏನು ಮಾಡಬೇಕೆಂದು ಅವಳು ಕಲಿಸಿದ್ದಳು. ಅನುಮಾನವೇ ಇಲ್ಲದವರ ಜೊತೆ ಹೇಗೆ ಆಡಬೇಕೆಂದು ಅವಳಿಗೂ ಯಾರೂ ಕಲಿಸಿರಲಿಲ್ಲ.

"ನಂಗ್ಯಾಕೆ ಹೇಳ್ಲಿಲ್ಲ ನೀನು?"

"ಅಮ್ಮಂಗೆ ಹೇಳ್ಬೇಡ, ಅವಳ ಮುಖದಲ್ಲಿ ಏನೂ ನಿಲ್ಲಲ್ಲ ಅಂದ್ರು ಅಪ್ಪ. ಕಾರ್ಯದರ್ಶಿ ಅಂಕಲ್‌ಗೆ ಗೊತ್ತಾಗ್ಬಿಡುತ್ತೆ ಅಂತೆ." ಮಗಳು ಕಲ್ಲಿನಿಂದ ಕೆಳಗೆ ಹಾರಿ ಬಂದು ತಾಯಿಯ ಬೆರಳು ಹಿಡಿದುಕೊಂಡಳು. "ಗೋಡೆ ಗೆದ್ರೆ ನೀನು ಮನೇಲಿರ್ತೀಯಂತೆ. ನಿನ್ನ ಮಂಡಿ ನೋವು ಹೋಗುತ್ತಂತೆ. ಒಳ್ಳೇದಲ್ವಾ?"

ಹೌದು, ಮಂಡಿ ನೋಯುತ್ತಿತ್ತು. ಯಾವ ದಿನ ತಾನು ಅದನ್ನು ಹೇಳಿಕೊಂಡದ್ದು? ಹೇಳಿದ್ದೆಲ್ಲವೂ ಹೀಗೆ ಎಲ್ಲೋ ಜಮೆಯಾಗಿ, ಒಂದು ದಿನ ತನ್ನ ವಿರುದ್ಧವೇ ಇಷ್ಟು ಅಕ್ಕರೆಯಿಂದ ಬರುತ್ತದೆಂದು ಯಾರಿಗೆ ಗೊತ್ತಿತ್ತು? ತನ್ನ ತಾಸು, ಆ ಕಿರಿಚಾಟ, ಬೆವರಿದ ತಲೆಗಳ ವಾಸನೆ, ಲೇಸು ಕಟ್ಟಿಸಿಕೊಳ್ಳಲು ಮುಂದೆ ಚಾಚುವ ಧೂಳಿನ ಕಾಲುಗಳು, ಇವು ಮನೆಯಲ್ಲಿ ಎಲ್ಲಿ ಸಿಗುತ್ತವೆ? ಅವಳು ಮಗಳ ಕೈಯನ್ನು ಬಿಡಲಿಲ್ಲ. ಬಿಟ್ಟರೆ ಮುಖ ನೋಡುತ್ತಾಳೆ.

ಗಂಡ ಬಂದಾಗ ಇನ್ನೂ ಬೆಳಕಿತ್ತು. ಶೂ ಬಿಚ್ಚುತ್ತಲೇ, "ಎಷ್ಟು ಜನ ಬರ್ತಾರೆ ಗೊತ್ತಾ ನಾಳೆ? ಕುರ್ಚಿನೇ ಸಾಲ್ತಿಲ್ಲ" ಎಂದ. ಖುಷಿಯಾಗಿದ್ದ. ಅವನು ಖುಷಿಯಾಗಿದ್ದಾಗ ಮನೆಯೆಲ್ಲ ಕಿಟಕಿ ತೆರೆದಂತಾಗುತ್ತದೆ. ಇವತ್ತೂ ಹಾಗೇ ಆಯಿತು, ಅದೇ ಅವಳಿಗೆ ಅವಮಾನವೆನಿಸಿತು. ಅವನು ಅವಳ ಹಿಂದೆ ಬಂದು ನಿಂತು, ಬಲಭುಜವನ್ನು ಹೆಬ್ಬೆರಳಿನಿಂದ ಒತ್ತತೊಡಗಿದ. ಎಲ್ಲಿ ಗಂಟಿದೆಯೆಂದು ಅವನಿಗೆ ಚೆನ್ನಾಗಿ ಗೊತ್ತು.

"ಕಲ್ಲಾಗಿದೆಯಲ್ಲೇ. ಸಡಿಲ ಬಿಡು. ನಾಳೆ ಎಲ್ಲಾ ಈ ಕೈ ಮೇಲೇ ನಿಂತಿರೋದು."

"ಹೂಂ."

"ಎಂದಿನ ಹಾಗೆ ಕೈತುತ್ತು ಹಾಕ್ಬಿಡು, ಸಾಕು. ಹೊಸದೇನೂ ಬೇಡ."

"ಹೂಂ."

"ಏನು, ಬರೀ ಹೂಂ? ಭಯನಾ?" ಅವನು ಬಗ್ಗಿ ಮುಖ ನೋಡಲು ಹೋದ. ಅವಳು ಒಲೆಯ ಕಡೆ ತಿರುಗಿ ಪಾತ್ರೆ ಸರಿಸಿದಳು.

"ನಿಮ್ಮ ಕೆಮ್ಮು ಪೂರ್ತಿ ಹೋಯ್ತಾ?" ಎಂದಳು.

"ಯಾವ ಕೆಮ್ಮು?" ಎಂದ ಅವನು.

ಅವನು ನಟಿಸುತ್ತಿರಲಿಲ್ಲ. ನಟಿಸಿದ್ದರೆ ಅವಳಿಗೆ ಎಷ್ಟೋ ಮೇಲಾಗಿತ್ತು. ಮೋಸದಲ್ಲಾದರೂ ತನಗೊಂದು ಜಾಗವಿದೆ, ತನ್ನ ಎದುರು ಎಚ್ಚರದಿಂದಿರಬೇಕೆಂದು ಇವನಿಗೆ ಅನ್ನಿಸುತ್ತದೆ ಎಂದಾದರೂ ಆಗುತ್ತಿತ್ತು. ಅವನು ನಿಜಕ್ಕೂ ಮರೆತಿದ್ದ. ಚೌಕಳಿ ಬಟ್ಟೆ ಸುತ್ತಿದ ಲೋಟ, ಹಿತವಾಯ್ತು ಎಂದ ಮಾತು, ಯಾವುದೂ ಅವನಲ್ಲಿ ಉಳಿದಿರಲಿಲ್ಲ. "ಏನಿಲ್ಲ ಬಿಡಿ, ಯಾವಾಗಲೋ ಕೆಮ್ತಾ ಇದ್ರಲ್ಲ," ಎಂದಳು. ಅವನು ಟವೆಲ್ಲು ಹುಡುಕಿಕೊಂಡು ಸ್ನಾನಕ್ಕೆ ಹೋದ. ಒಳಗಿನಿಂದ ನೀರಿನ ಸದ್ದು, ಅದರ ಮೇಲೆ ಅವನ ಶಿಳ್ಳೆ ಕೇಳಿಸಿತು.

ಕಾರ್ಯದರ್ಶಿಗೆ ಹೋಗಿ ಹೇಳಬಹುದು. ಹೇಳಿದರೆ ಅವನು ಮೊದಲು ನೋಡುವುದು ಇವಳನ್ನಲ್ಲ, ಮಗಳನ್ನು. ಮೈದಾನದ ನಡುವೆ ಆ ಮಗುವನ್ನು ನಿಲ್ಲಿಸಿ, ಯಾರಿಗೆ ಮೇಲೆ ಯಾರಿಗೆ ಕೆಳಗೆ ಎಂದು ಕೇಳುತ್ತಾರೆ. ಅದಾಗುವುದಿಲ್ಲ. ಮಂಡಿನೋವೆಂದು ಮನೆಯಲ್ಲೇ ಉಳಿಯಬಹುದು. ಉಳಿದರೆ ಅವರಿಗೆ ಬೇಕಾದದ್ದು ಒಂದು ದಿನ ಮೊದಲೇ ಆದಂತೆ. ಗೋಡೆಯ ಮಕ್ಕಳಿಗೆ ಮಾತ್ರ ಆಚೆಗೆಸೆದು, ತನ್ನವರಿಗೆ ಕೈಗೇ ಹಾಕಬಹುದು. ಯಾರ ಕಣ್ಣಿಗೂ ಬೀಳದು, ಕೂದಲೆಳೆಯ ಕೆಲಸ. ಅವಳು ಸಂಜೆ ಅದನ್ನೇ ಬಯಸಿದ್ದಳು, ಬಾಯಲ್ಲಿ ನೀರೂರುವಷ್ಟು. ಹಾಗೆ ಗೆದ್ದರೆ ಸಂಜೆಯ ತಾಸು ಉಳಿಯುತ್ತದೆ. ಆಮೇಲೆ ದಿನವೂ ಆ ಮಕ್ಕಳೆದುರು ನಿಂತು, ಬಾಯಿಗೆ ತುತ್ತಿಡುತ್ತ, ತಾನೂ ಒಮ್ಮೆ ಕೆಮ್ಮಿದವಳೆಂದು ತಿಳಿದೇ ನಿಂತಿರಬೇಕು.

ಪಾತ್ರೆಗೆ ಮುಚ್ಚಳ ಹಾಕುತ್ತಿದ್ದ ಹಾಗೆ ಅದು ತಾನಾಗಿ ತೀರ್ಮಾನವಾಯಿತು. ನಾಳೆ ಎಲ್ಲರಿಗೂ ಎರಡು ಹೆಜ್ಜೆ ಆಚೆಗೆ. ಕೆಮ್ಮಿ ಆರಿಸಿದವರಿಗೂ, ಆರಿಸದೆ ಬಿಟ್ಟವರಿಗೂ. ಸಾಲಿಗೆ ಸಾಲೇ ಕಂಬಗಳಾಗಿ ನಿಲ್ಲುತ್ತದೆ. ಗಂಡ ದೂರದಿಂದ ಕೈ ಬೀಸಿ ಸನ್ನೆ ಮಾಡುತ್ತಾನೆ, ಆಮೇಲೆ ಬೀಸುವುದನ್ನೂ ನಿಲ್ಲಿಸುತ್ತಾನೆ. ಕುರ್ಚಿಗಳಲ್ಲಿ ಕೂತವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ, ಇಷ್ಟು ವರ್ಷ ಈ ಹೆಂಗಸು ನಮ್ಮ ಮಕ್ಕಳಿಗೆ ಕಲಿಸಿದ್ದಾದರೂ ಏನು ಎಂದು ಕೇಳುತ್ತಾರೆ. ಕೇಳಲಿ, ಅದು ಕೇಳಬೇಕಾದ ಪ್ರಶ್ನೆಯೇ. ತಾಸು ಹೋದರೆ ಹೋಗಲಿ. ಮಿಸ್, ಸರಿಯಾಗಿ ಹಾಕಿ ಎಂದು ಪಂಡಿತ ಕೂಗುತ್ತಾನೆ. ಆಗ ಕೈ ಜಾರಿತು ಅನ್ನಬಾರದು. ಸರಿಯಾಗಿಯೇ ಹಾಕಿದ್ದು, ಓಡು ಅನ್ನಬೇಕು. ಒಂದು ಚೆಂಡು ಹೋದೀತು, ಎರಡು ಹೋದೀತು. ಬುಟ್ಟಿ ತಳ ಕಾಣುವುದರೊಳಗೆ ಯಾವುದಾದರೂ ಒಂದು ಮಗುವಿನ ಹಿಮ್ಮಡಿ ನೆಲ ಬಿಟ್ಟು ಏಳುತ್ತದೆ. ಅದನ್ನು ತಾನು ನೋಡಬೇಕು.

ಮಗಳು ಅಡುಗೆಮನೆಯ ಬಾಗಿಲಿಗೆ ಬಂದಳು. ಕೈಯಲ್ಲಿ ನಾಳೆಗೆಂದು ತೊಳೆದ ಬಿಳಿ ಶೂ. ಲೇಸನ್ನು ಒಂದೊಂದೇ ತೂತಿಗೆ ಪೋಣಿಸುತ್ತ, ತಲೆಯೆತ್ತದೆ ಕೇಳಿದಳು: "ಅಮ್ಮಾ, ನಾಳೆ ನಂಗೆ ಎಲ್ಲಿಗೆ ಹಾಕ್ತೀಯ?"

"ಎಂದಿನ ಜಾಗಕ್ಕೇ."

ಮಗಳು ತಲೆಯೆತ್ತಿದಳು. ತಾಯಿ ಈ ಸಲ ಒಲೆಯ ಕಡೆ ತಿರುಗಲಿಲ್ಲ. ಮಗಳು ಅವಳ ಮುಖವನ್ನು ನೋಡಿದಳು, ಭುಜವನ್ನು ನೋಡಿದಳು, ಮತ್ತೊಮ್ಮೆ ಮುಖವನ್ನು ನೋಡಿದಳು. ಆಮೇಲೆ ನಂಬಿ, ಲೇಸು ಬಿಗಿಯತೊಡಗಿದಳು.